ಬೆಳಕಿಗೆ ಕೂದಲಿನ ಗುರುತು ಹೇಗೆ?

ಬಿಸಿಲಿನಲ್ಲಿ ಕಪ್ಪು ಕೊಡೆ ಬೇಗ ಕಾಯುತ್ತದೆ; ಬಿಳಿ ಪಂಚೆ ಅಷ್ಟು ಕಾಯುವುದಿಲ್ಲ. ಕಪ್ಪು ಬಣ್ಣವು ಬೆಳಕನ್ನು ಹೆಚ್ಚಾಗಿ ಹೀರಿ ಶಾಖವಾಗಿ ಮಾರ್ಪಡಿಸುತ್ತದೆ ಎಂಬುದನ್ನು ನೀವು ಓದಿರುತ್ತೀರಿ. ಬೇಡದ ಕೂದಲನ್ನು ಲೇಸರ್‌ನಿಂದ ತೆಗೆಯುವ ಚಿಕಿತ್ಸೆಗೂ ಇದೇ ತಳಹದಿ.

ಕೂದಲಿಗೆ ಕಪ್ಪು ಬಣ್ಣ ಕೊಡುವ ವಸ್ತು ಮೆಲನಿನ್. ಚರ್ಮದೊಳಕ್ಕೆ ಇಳಿದ ಲೇಸರ್ ಬೆಳಕನ್ನು ಅದು ಹೀರಿ ಬಿಸಿಯಾಗುತ್ತದೆ. ಆ ಬಿಸಿ ಕೂದಲಿನ ಬುಡವನ್ನು ಘಾಸಿಗೊಳಿಸುತ್ತದೆ. ಶಾಖವು ಸುತ್ತಲೂ ಹರಡುವ ಮುನ್ನವೇ ಬೆಳಕು ನಿಲ್ಲಬೇಕು. ಆದುದರಿಂದ ಅದನ್ನು ಕೆಲವೇ ಮಿಲಿಸೆಕೆಂಡುಗಳ ಮಿಡಿತಗಳಲ್ಲಿ ಬಿಡುತ್ತಾರೆ. ಗುರಿಯನ್ನಷ್ಟೇ ಸುಟ್ಟು ಉಳಿದುದನ್ನು ಉಳಿಸುವ ಈ ತತ್ವವನ್ನು ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಪ್ರಕಟಿಸಿದರು.

ತೊಡಕು ಇರುವುದು ಇಲ್ಲಿಯೇ. ಮೆಲನಿನ್ ಚರ್ಮದಲ್ಲಿಯೂ ಇದೆ, ಬೆಳಕಿಗೆ ಇವೆರಡರ ಭೇದ ತಿಳಿಯದು! ಮೊದಮೊದಲು ಬಳಸಿದ 694 ನ್ಯಾನೊಮೀಟರ್ ತರಂಗದೂರದ ರೂಬಿ ಲೇಸರ್ ಬಿಳಿ ಚರ್ಮ, ಕಪ್ಪು ಕೂದಲಿನವರಿಗೆ ಒಗ್ಗುವಂಥದು. ನಮ್ಮಂತೆ ಗೋಧಿ ಬಣ್ಣದವರಲ್ಲಿ, ಕಪ್ಪು ಮೈಬಣ್ಣದವರಲ್ಲಿ, ಹೊರಚರ್ಮವೇ ಬೆಳಕನ್ನು ಹೀರಿಬಿಡುತ್ತದೆ. ಆಗ ಬೊಬ್ಬೆ ಏಳಬಹುದು, ತಿಂಗಳುಗಟ್ಟಲೆ ಉಳಿಯುವ ಕಲೆ ಬೀಳಬಹುದು. ತರಂಗದೂರ ಹೆಚ್ಚಿದಂತೆ ಮೆಲನಿನ್ ಹೀರುವುದು ಕಡಿಮೆಯಾಗುತ್ತದೆ, ಬೆಳಕು ಆಳಕ್ಕೂ ಇಳಿಯುತ್ತದೆ. ಈ ಕಾರಣದಿಂದ ಕಪ್ಪು ಚರ್ಮಕ್ಕೆ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಜೊತೆಗೆ ಚರ್ಮವನ್ನು ತಣ್ಣಗಿಡುವ ಏರ್ಪಾಡು ಬೇಕು. ಐಪಿಎಲ್ ಎಂಬ ಯಂತ್ರವು ಲೇಸರ್ ಅಲ್ಲ. ಅದು ಅನೇಕ ತರಂಗದೂರಗಳ ಬೆಳಕನ್ನು ಒಟ್ಟಿಗೆ ಚೆಲ್ಲುವುದರಿಂದ ನಮ್ಮ ಚರ್ಮಕ್ಕೆ ಇನ್ನಷ್ಟು ಎಚ್ಚರ ಬೇಕು. ಯಂತ್ರ ಯಾವುದು, ನಡೆಸುವವರು ಯಾರು ಎಂದು ಕೇಳುವುದಕ್ಕೆ ಸಂಕೋಚ ಸಲ್ಲದು.

ಎಲ್ಲ ಕೂದಲೂ ಏಕಕಾಲದಲ್ಲಿ ಬೆಳೆಯುವುದಿಲ್ಲ. ಬೆಳೆಯುತ್ತಿರುವ ಕೂದಲಿಗೆ ಮಾತ್ರ ಪೆಟ್ಟು ಚೆನ್ನಾಗಿ ತಗಲುವುದರಿಂದ ಕೆಲವು ವಾರಗಳ ಅಂತರದಲ್ಲಿ ಚಿಕಿತ್ಸೆ ಮರುಕಳಿಸಬೇಕು. ಆಮೇಲೂ ಕೂದಲು ಬಹಳ ಕಡಿಮೆಯಾಗುತ್ತದೆಯೇ ಹೊರತು ಪೂರ್ತಿ ಇಲ್ಲವಾಗುವುದಿಲ್ಲ; "ಶಾಶ್ವತ ನಿವಾರಣೆ" ಎಂಬ ಫಲಕಗಳು ಏನೇ ಹೇಳಲಿ. ಮುಖದ ನವಿರಾದ ಕೂದಲಿಗೆ ಬೆಳಕು ಬಿಟ್ಟಾಗ ಅದು ದಪ್ಪಗಾದ ಉದಾಹರಣೆಗಳೂ ಇವೆ.

ಹುಡುಗಿಯರ ಗಲ್ಲದ ಮೇಲೆ ಒರಟು ಕೂದಲು ಹೆಚ್ಚುತ್ತಾ ಮುಟ್ಟೂ ಏರುಪೇರಾದರೆ ಕಾರಣ ಹಾರ್ಮೋನುಗಳಲ್ಲಿರಬಹುದು. ಅಂಥವರು ಮೊದಲು ಕಾಣಬೇಕಾದುದು ವೈದ್ಯರನ್ನು. ಇನ್ನು ಅಜ್ಜಿಯ ಗಲ್ಲದ ಬಿಳಿ ಕೂದಲಿಗೆ ಈ ಲೇಸರ್ ಏನೂ ಮಾಡಲಾರದು. ಹೀರಲು ಅಲ್ಲಿ ಮೆಲನಿನ್ನೇ ಇಲ್ಲವಲ್ಲ.