ಎರಡಾಣೆಯ ಠೇವಣಿಯಿಂದ ಕೇಂದ್ರ ಸಂಪುಟದವರೆಗೆ: ಟಿ.ಎ. ಪೈ ಮತ್ತು ಅವರ ಮನೆತನ

ಉತ್ತರ ಬೆಂಗಳೂರಿನ ನಿವಾಸಿಗಳಿಗೆ ಮಣಿಪಾಲದ ಹೆಸರು ಹೊಸದಲ್ಲ. ಹೆಬ್ಬಾಳ ಮತ್ತು ಯಶವಂತಪುರಗಳಲ್ಲಿ ಮಣಿಪಾಲ್ ಆಸ್ಪತ್ರೆಗಳಿವೆ. ಯಲಹಂಕದ ಗೋವಿಂದಪುರದಲ್ಲಿ ‘ಮಾಹೆ’, ಅಂದರೆ ಮಣಿಪಾಲ ಉನ್ನತ ಶಿಕ್ಷಣ ಅಕಾಡೆಮಿಯ ಬೆಂಗಳೂರು ಪ್ರಾಂಗಣವಿದ್ದು, ವ್ಯವಹಾರ ನಿರ್ವಹಣೆಯನ್ನು ಕಲಿಸುವ ‘ಟ್ಯಾಪ್ಮಿ’ಯ ತರಗತಿಗಳೂ ಅಲ್ಲಿ ನಡೆಯುತ್ತವೆ. ಟ್ಯಾಪ್ಮಿ ಎಂದರೆ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್. ಆದರೆ ಈ ಹೆಸರನ್ನು ಹೊತ್ತ ಟಿ.ಎ. ಪೈ ಯಾರು, ಉಡುಪಿಯ ಬ್ಯಾಂಕೊಂದರಲ್ಲಿ ಕೆಲಸಕ್ಕೆ ಸೇರಿದ ಅವರು ಕೇಂದ್ರ ಸಂಪುಟದವರೆಗೆ ಹೇಗೆ ಬಂದರು ಎಂಬುದು ಇಂದಿನ ತಲೆಮಾರಿಗೆ ಅಷ್ಟಾಗಿ ತಿಳಿದಿಲ್ಲ. ಸಣ್ಣ ಗಳಿಕೆಯವರ ಉಳಿತಾಯವನ್ನು ನಂಬಿ ಸಂಸ್ಥೆ ಕಟ್ಟಿದ ಒಂದು ಕುಟುಂಬದ ಪಾಠವನ್ನು ದೇಶದ ಆಡಳಿತಕ್ಕೆ ತಂದವರು ಎಂಬ ಕಾರಣಕ್ಕಾಗಿಯೇ ಅವರ ಬದುಕು ಗಮನಕ್ಕೆ ಅರ್ಹವಾಗಿದೆ.

ಮನೆತನ ಮತ್ತು ಬ್ಯಾಂಕು

ಉಡುಪಿಯ ಸಮೀಪದ ತೋನ್ಸೆ ಗ್ರಾಮದ ಹೆಸರನ್ನೇ ಮನೆಯ ಹೆಸರಾಗಿ ಉಳಿಸಿಕೊಂಡ ಈ ಕೊಂಕಣಿ ಭಾಷಿಕ ಗೌಡ ಸಾರಸ್ವತ ಕುಟುಂಬದಲ್ಲಿ ಉಪೇಂದ್ರ ಪೈ ಮತ್ತು ಮಾಧವ ಪೈ ಎಂಬ ಸಹೋದರರಿದ್ದರು. ಹಿರಿಯರಾದ ಉಪೇಂದ್ರ ಪೈ ವ್ಯಾಪಾರಸ್ಥರು. 1898ರಲ್ಲಿ ಹುಟ್ಟಿದ ಮಾಧವ ಪೈ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದು ಉಡುಪಿಯಲ್ಲಿ ವೈದ್ಯವೃತ್ತಿ ಆರಂಭಿಸಿದವರು, ಮುಂದೆ ಡಾ. ಟಿ.ಎಂ.ಎ. ಪೈ ಎಂದು ನಾಡಿಗೆ ಪರಿಚಿತರಾದವರು. ಈ ಇಬ್ಬರು ಎಂಜಿನಿಯರ್ ವಾಮನ ಕುಡ್ವರೊಡನೆ ಸೇರಿ 1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು 8,000 ರೂಪಾಯಿ ಬಂಡವಾಳದಿಂದ ಸ್ಥಾಪಿಸಿದರು. ಕೈಮಗ್ಗದ ಉದ್ಯಮ ಬಿಕ್ಕಟ್ಟಿಗೆ ಸಿಲುಕಿದ್ದ ಆ ಕಾಲದಲ್ಲಿ ಸ್ಥಳೀಯ ನೇಕಾರರಿಗೆ ಹಣದ ನೆರವು ಒದಗಿಸುವುದು ಸಂಸ್ಥೆಯ ಮೊದಲ ಉದ್ದೇಶವಾಗಿತ್ತು. 1964ರಲ್ಲಿ ಇದೇ ಸಂಸ್ಥೆ ‘ಸಿಂಡಿಕೇಟ್ ಬ್ಯಾಂಕ್’ ಎಂದು ಹೆಸರು ಬದಲಿಸಿಕೊಂಡಿತು.

ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಹುಟ್ಟಿದ್ದು ಆಕಸ್ಮಿಕವಲ್ಲ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆಯನ್ನೂ ಕಟ್ಟಿದರು; 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಬಂದವು. ಕರಾವಳಿಯ ವ್ಯಾಪಾರ, ಶಾಲೆಗಳ ಹರಡಿಕೆ, ಪರವೂರಿನಲ್ಲಿ ದುಡಿದು ಮನೆಗೆ ಹಣ ಕಳಿಸುವ ಕುಟುಂಬಗಳು ಇವೆಲ್ಲ ಇದ್ದರೂ ದೊಡ್ಡ ಕೈಗಾರಿಕೆಗಳಿಲ್ಲದ ಆ ಜಿಲ್ಲೆಯಲ್ಲಿ, ಊರಿನ ಹಣವನ್ನು ಊರಿನವರ ಉಪಯೋಗಕ್ಕೇ ಒಟ್ಟುಗೂಡಿಸುವ ಸಂಸ್ಥೆಗಳು ಬೇಕಾಗಿದ್ದವು.

ಸಿಂಡಿಕೇಟ್ ಬ್ಯಾಂಕಿನ ವಿಶೇಷವಿದ್ದುದು 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ. ಠೇವಣಿದಾರ ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ. ಬ್ಯಾಂಕಿನ ಏಜೆಂಟೇ ದಿನವೂ ಅವನ ಮನೆಗೋ ಅಂಗಡಿಗೋ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಲೆಕ್ಕ ಬರೆದುಕೊಳ್ಳುತ್ತಿದ್ದ. ಎರಡಾಣೆ ಎಂದರೆ ರೂಪಾಯಿಯ ಎಂಟರಲ್ಲಿ ಒಂದು ಭಾಗ. ದಿನಕ್ಕೆ ಎರಡಾಣೆಯಂತೆ ಕಟ್ಟಿದವನ ಹೆಸರಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ ಬಡ್ಡಿ ಬಿಟ್ಟು 45 ರೂಪಾಯಿ ಹತ್ತಾಣೆ ಸೇರುತ್ತಿತ್ತು. ಕೈಗೆ ಬಂದದ್ದು ಅಂದಂದಿಗೇ ಖರ್ಚಾಗಿಹೋಗುವ ಬಡವನಿಗೆ ಮದುವೆ, ಬೀಜ, ಮಗ್ಗದ ದುರಸ್ತಿಗಳಂಥ ಅಗತ್ಯಗಳ ವೇಳೆ ಒಂದೇ ಕಂತಿನಲ್ಲಿ ಸಿಗುವ ಈ ಹಣ ಸಾಹುಕಾರನ ಮುಂದೆ ಕೈಚಾಚುವ ಪ್ರಸಂಗವನ್ನು ತಪ್ಪಿಸುತ್ತಿತ್ತು. ಬ್ಯಾಂಕಿಗಾದರೋ ಸಾವಿರಾರು ಚಿಕ್ಕ ಖಾತೆಗಳಿಂದ ದೊಡ್ಡ ಬಂಡವಾಳ ದೊರೆಯುತ್ತಿತ್ತು. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ಲೆಕ್ಕದ ಪುಸ್ತಕದಲ್ಲಿ ಸಾಧಿಸಿ ತೋರಿಸಿದ ಈ ಪದ್ಧತಿ ಮುಂದೆ ಸಹಕಾರ ಸಂಘಗಳಿಗೂ ಇತರ ಬ್ಯಾಂಕುಗಳಿಗೂ ಹರಡಿತು. ದಿನದ ವಹಿವಾಟನ್ನೇ ನಂಬಿ ಬದುಕುವ ವರ್ತಕರು ಪಿಗ್ಮಿ ಕಟ್ಟುವ ರೂಢಿಯನ್ನು ಇಂದಿಗೂ ಬಿಟ್ಟಿಲ್ಲ. ಮನೆ ಮನೆ ತಿರುಗಿ ಹಣ ಸಂಗ್ರಹಿಸುವ ಏಜೆಂಟರೂ ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ತೀರ್ಪು ನೀಡಿದ್ದು ಕೂಡ ಸಿಂಡಿಕೇಟ್ ಬ್ಯಾಂಕಿನ ನೌಕರರ ಪ್ರಕರಣದಲ್ಲಿಯೇ.

ಬ್ಯಾಂಕರ್ ಆಗಿ ಅನಂತ ಪೈ

ಉಪೇಂದ್ರ ಪೈಯವರ ಮಗ ತೋನ್ಸೆ ಅನಂತ ಪೈ, ಅಂದರೆ ಟಿ.ಎ. ಪೈ, 1922ರಲ್ಲಿ ಜನಿಸಿದರು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡಲಾಗಿತ್ತು. ಮುಂಬಯಿಯಲ್ಲಿ ವಾಣಿಜ್ಯ ಪದವಿ ಪಡೆದು 1940ರ ದಶಕದ ಆರಂಭದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದಾಗಲೇ, ಕುಟುಂಬದವರು ಕಟ್ಟಿದ ಬ್ಯಾಂಕಿನ ಆಡಳಿತದ ಹೊಣೆಗೆ ಹೆಗಲು ಕೊಟ್ಟರು. ಅವರ ನೇತೃತ್ವದಲ್ಲಿ ಬ್ಯಾಂಕು ಪಟ್ಟಣಗಳ ದೊಡ್ಡ ವರ್ತಕರನ್ನಷ್ಟೇ ನೆಚ್ಚಿಕೊಳ್ಳದೆ ಹಳ್ಳಿಗಳಲ್ಲಿ ಶಾಖೆಗಳನ್ನು ತೆರೆಯಿತು, ಕೃಷಿ ಸಾಲಕ್ಕೆಂದೇ ವ್ಯವಸ್ಥೆ ಮಾಡಿತು. ವಾಣಿಜ್ಯ ಬ್ಯಾಂಕುಗಳು ರೈತನಿಗೆ ಸಾಲ ಕೊಡಲು ಹಿಂಜರಿಯುತ್ತಿದ್ದ ದಿನಗಳಲ್ಲಿ ಇದು ಧೈರ್ಯದ ನಡೆಯಾಗಿತ್ತು. ಏಕೆಂದರೆ ಮಳೆಯನ್ನು ನೆಚ್ಚಿದ ಬೆಳೆಯನ್ನು ಭದ್ರತೆಯಾಗಿ ಒಪ್ಪುವುದು ಬ್ಯಾಂಕಿನವರಿಗೆ ಅಪಾಯದ ಕೆಲಸವಾಗಿ ಕಾಣುತ್ತಿತ್ತು. 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳಾ ಸಿಬ್ಬಂದಿಯೇ ನಡೆಸುವ ಶಾಖೆಯೊಂದನ್ನು ಬ್ಯಾಂಕು ತೆರೆದದ್ದೂ ಇದೇ ಮನೋಧರ್ಮದ ಫಲ.

1965ರಲ್ಲಿ ದೇಶ ಆಹಾರದ ಕೊರತೆಯಿಂದ ತತ್ತರಿಸುತ್ತಿದ್ದಾಗ, ರೈತರಿಂದ ಧಾನ್ಯ ಕೊಂಡು ದಾಸ್ತಾನಿಟ್ಟು ರಾಜ್ಯಗಳಿಗೆ ಒದಗಿಸುವ ಭಾರತೀಯ ಆಹಾರ ನಿಗಮವನ್ನು ಕೇಂದ್ರ ಸರ್ಕಾರ ಸ್ಥಾಪಿಸಿತು. ಅದರ ಮೊದಲ ಅಧ್ಯಕ್ಷರಾಗಿ ಪೈ ನೇಮಕಗೊಂಡರು. ಖಾಸಗಿ ಬ್ಯಾಂಕಿನ ಆಡಳಿತಗಾರರೊಬ್ಬರು ಸಾರ್ವಜನಿಕ ಹೊಣೆಗೆ ಬಂದ ಮೊದಲ ಮುಖ್ಯ ಹೆಜ್ಜೆ ಅದು.

1969ರ ಜುಲೈ 19ರಂದು ಇಂದಿರಾ ಗಾಂಧಿಯವರ ಸರ್ಕಾರ 50 ಕೋಟಿ ರೂಪಾಯಿಗೂ ಹೆಚ್ಚು ಠೇವಣಿ ಹೊಂದಿದ್ದ 14 ಖಾಸಗಿ ಬ್ಯಾಂಕುಗಳನ್ನು ರಾಷ್ಟ್ರೀಕರಣಗೊಳಿಸಿತು, ಎಂದರೆ ಅವುಗಳ ಒಡೆತನವನ್ನು ಸರ್ಕಾರದ ವಶಕ್ಕೆ ತಂದಿತು. ಆ ಪಟ್ಟಿಯಲ್ಲಿ ಸಿಂಡಿಕೇಟ್ ಬ್ಯಾಂಕೂ ಇತ್ತು. ತಂದೆ ಮತ್ತು ಚಿಕ್ಕಪ್ಪ ಕಟ್ಟಿದ ಸಂಸ್ಥೆ ಕೈಬಿಟ್ಟುಹೋದಾಗ ಪೈ ಬೆನ್ನು ತಿರುಗಿಸಿ ಹೊರನಡೆಯಲಿಲ್ಲ. ಹೊಸ ವ್ಯವಸ್ಥೆಯಲ್ಲಿ ಸರ್ಕಾರದ ಪರವಾಗಿ ಬ್ಯಾಂಕನ್ನು ನೋಡಿಕೊಳ್ಳುವ ‘ಕಸ್ಟೋಡಿಯನ್’ ಎಂಬ ಹುದ್ದೆಯಲ್ಲಿ ಮುಂದುವರಿದರು. ಬಡವರ ಬಾಗಿಲಿಗೆ ಬ್ಯಾಂಕು ಹೋಗಬೇಕೆಂಬ ರಾಷ್ಟ್ರೀಕರಣದ ಆಶಯವನ್ನು ಅವರ ಬ್ಯಾಂಕು ನಾಲ್ಕು ದಶಕಗಳ ಮೊದಲೇ ತನ್ನ ಮಟ್ಟಿಗೆ ಆಚರಣೆಗೆ ತಂದಿತ್ತು. 1975ರ ಅಕ್ಟೋಬರ್ 2ರಂದು ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಆರಂಭವಾದಾಗ ಅದನ್ನು ಪ್ರಾಯೋಜಿಸಿದ್ದು ಸಿಂಡಿಕೇಟ್ ಬ್ಯಾಂಕೇ ಆಗಿತ್ತೆಂಬುದು ಈ ಪರಂಪರೆಗೆ ತಕ್ಕದ್ದೇ ಆಗಿದೆ.

ರಾಜಕಾರಣದ ವರ್ಷಗಳು

ಭಾರತೀಯ ಜೀವ ವಿಮಾ ನಿಗಮದ ಅಧ್ಯಕ್ಷರಾಗಿದ್ದ ಪೈ 1972ರಲ್ಲಿ ರಾಜ್ಯಸಭೆಯ ಸದಸ್ಯರಾಗಿ, ಅದೇ ವರ್ಷದ ಜುಲೈನಲ್ಲಿ ರೈಲ್ವೆ ಸಚಿವರಾದರು. ಅದೇ ವರ್ಷ ಅವರಿಗೆ ಪದ್ಮಭೂಷಣವೂ ಡಾ. ಟಿ.ಎಂ.ಎ. ಪೈಯವರಿಗೆ ಪದ್ಮಶ್ರೀಯೂ ಸಂದವು. ರೈಲ್ವೆ ಖಾತೆಯಲ್ಲಿ ಅವರಿಗಿಂತ ಮೊದಲಿದ್ದವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕೆ. ಹನುಮಂತಯ್ಯ. ಹೀಗೆ ಕನ್ನಡಿಗರ ಕೈಯಿಂದ ಕನ್ನಡಿಗರ ಕೈಗೆ ಬಂದ ಈ ಖಾತೆಯಲ್ಲಿ ಪೈ ಇದ್ದುದು 1973ರ ಫೆಬ್ರುವರಿಯವರೆಗೆ ಮಾತ್ರ. ಆಮದು ಮಾಡಿಕೊಳ್ಳುತ್ತಿದ್ದ ರೈಲು ಗಾಲಿ ಮತ್ತು ಅಚ್ಚುಗಳನ್ನು ದೇಶದಲ್ಲೇ ತಯಾರಿಸಬೇಕೆಂಬ ಯೋಜನೆ ರೂಪುಗೊಂಡದ್ದು ಆ ದಶಕದ ಆರಂಭದಲ್ಲಿ. ಹಲವು ಸಚಿವರ ಕಾಲವನ್ನು ದಾಟಿ ಬಂದ ಆ ಯೋಜನೆ ಕೊನೆಗೆ ಯಲಹಂಕದಲ್ಲಿ ನೆಲೆ ಕಂಡು, ಅಲ್ಲಿನ ಗಾಲಿ ಕಾರ್ಖಾನೆ 1984ರ ಸೆಪ್ಟೆಂಬರ್ 15ರಂದು ರಾಷ್ಟ್ರಕ್ಕೆ ಸಮರ್ಪಿತವಾಯಿತು.

ಮುಂದೆ ಪೈ ಭಾರೀ ಕೈಗಾರಿಕೆ ಹಾಗೂ ಉಕ್ಕು ಮತ್ತು ಗಣಿ ಖಾತೆಗಳನ್ನೂ, ಅನಂತರ ಕೈಗಾರಿಕೆ ಮತ್ತು ನಾಗರಿಕ ಪೂರೈಕೆ ಖಾತೆಯನ್ನೂ ನಿರ್ವಹಿಸಿದರು. ಯಶವಂತಪುರದಾಚೆ ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾಗಿ ಸಾವಿರಾರು ಕಾರ್ಮಿಕ ಕುಟುಂಬಗಳಿಗೆ ಆಸರೆಯಾಗಿದ್ದ ಎಚ್‌ಎಂಟಿಯಂಥ ಸಾರ್ವಜನಿಕ ಉದ್ದಿಮೆಗಳು ಅವರ ಸಚಿವಾಲಯದ ವ್ಯಾಪ್ತಿಯಲ್ಲಿದ್ದವು. ಸರ್ಕಾರಿ ಒಡೆತನ ಮತ್ತು ವ್ಯವಹಾರದ ಶಿಸ್ತು ಒಟ್ಟಿಗೆ ಸಾಗಬೇಕೆಂಬುದು ಬ್ಯಾಂಕಿನಿಂದ ಬಂದ ಸಚಿವರಿಗೆ ಅನುಭವದ ಮಾತಾಗಿತ್ತು.

ಆದರೆ ಅವರ ರಾಜಕೀಯ ಜೀವನದ ಅತ್ಯಂತ ಕಠಿಣ ಪರೀಕ್ಷೆ ಎದುರಾದದ್ದೂ ಕೈಗಾರಿಕೆ ಖಾತೆಯಲ್ಲಿದ್ದಾಗಲೇ. 1975ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಮಗನ ಮಾರುತಿ ಕಾರು ಯೋಜನೆಯ ಬಗ್ಗೆ ಸಂಸತ್ತಿನಲ್ಲಿ ಕೇಳಲಾದ ಪ್ರಶ್ನೆಗೆ ಉತ್ತರ ಸಿದ್ಧಪಡಿಸಲು ಮಾಹಿತಿ ಕಲೆಹಾಕಿದ ಅಧಿಕಾರಿಗಳು ಸಿಬಿಐ ತನಿಖೆಯ ಕಿರುಕುಳಕ್ಕೆ ಒಳಗಾದರು. ತುರ್ತು ಪರಿಸ್ಥಿತಿಯ ಕಾಲದ ಅತಿರೇಕಗಳನ್ನು ವಿಚಾರಿಸಲು 1977ರಲ್ಲಿ ನೇಮಕವಾದ ಷಾ ಆಯೋಗದ ಮುಂದೆ ಪೈ ಈ ಪ್ರಕರಣದಲ್ಲಿ ಸಾಕ್ಷ್ಯ ನುಡಿದರು. ತುರ್ತು ಪರಿಸ್ಥಿತಿಯುದ್ದಕ್ಕೂ ಸಂಪುಟದಲ್ಲಿಯೇ ಉಳಿದವರೆಂಬ ಆಕ್ಷೇಪ ಅವರ ಮೇಲೆ ಸಹಜವಾಗಿಯೇ ಇದೆ. ಆದರೂ ತಮ್ಮ ಕೈಕೆಳಗಿನ ನೌಕರರಿಗೆ ಆದ ಅನ್ಯಾಯವನ್ನು ವಿಚಾರಣೆಯಲ್ಲಿ ಬಹಿರಂಗವಾಗಿ ಹೇಳಿದ್ದನ್ನು ಮರೆಯುವುದು ನ್ಯಾಯವಾಗುವುದಿಲ್ಲ.

1977ರ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದರೂ ಕರ್ನಾಟಕದ 28 ಸ್ಥಾನಗಳ ಪೈಕಿ 26ನ್ನು ಗೆದ್ದುಕೊಂಡಿತು. ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದವರು ಪೈ. ಪಕ್ಷ ಒಡೆದ ಬಳಿಕ ಇಂದಿರಾ ಬಣದಿಂದ ದೂರ ಉಳಿದ ಅವರು 1979ರಲ್ಲಿ ಚರಣ್ ಸಿಂಗ್ ಸಂಪುಟದಲ್ಲಿ ಮತ್ತೊಮ್ಮೆ ರೈಲ್ವೆ ಸಚಿವರಾದರು. 1980ರಲ್ಲಿ ಉಡುಪಿ ಕ್ಷೇತ್ರ ಯುವಕ ಆಸ್ಕರ್ ಫರ್ನಾಂಡಿಸರ ಪಾಲಾಯಿತು. ಅದೇ ವರ್ಷ ಮಣಿಪಾಲದಲ್ಲಿ ನಿರ್ವಹಣಾ ಶಿಕ್ಷಣದ ಸಂಸ್ಥೆಯನ್ನು ಸ್ಥಾಪಿಸಿದ ಪೈ 1981ರಲ್ಲಿ, ಇನ್ನೂ ಅರವತ್ತು ತುಂಬುವ ಮುನ್ನವೇ, ತೀರಿಕೊಂಡರು. ಆ ಸಂಸ್ಥೆಯೇ ಇಂದಿನ ಟ್ಯಾಪ್ಮಿ.

ಕುಟುಂಬ ಬಿಟ್ಟುಹೋದದ್ದು

ಮನೆತನದ ಇನ್ನೊಂದು ಕವಲು ಶಿಕ್ಷಣದ್ದು. ಡಾ. ಟಿ.ಎಂ.ಎ. ಪೈ 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಆರಂಭಿಸಿ, 1953ರಲ್ಲಿ ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ತೆರೆದರು. ಅವರ ಮಕ್ಕಳ ಪೈಕಿ ಮೋಹನದಾಸ ಪೈ ಮತ್ತು ಸತೀಶ್ ಪೈ 1970ರಲ್ಲಿ ‘ಉದಯವಾಣಿ’ ಪತ್ರಿಕೆಯನ್ನು ಹೊರತಂದರೆ, ಡಾ. ರಾಮದಾಸ ಪೈ ವಿದ್ಯಾಸಂಸ್ಥೆಗಳನ್ನು ಬೆಳೆಸಿದರು. ಶುಲ್ಕದ ಬಲದಿಂದ ನಡೆಯುವ ಖಾಸಗಿ ವೃತ್ತಿಶಿಕ್ಷಣದ ಈ ಮಾದರಿ ಸಾವಿರಾರು ವೈದ್ಯರನ್ನು, ಎಂಜಿನಿಯರುಗಳನ್ನು ಕೊಟ್ಟಿತಾದರೂ ಬಡ ವಿದ್ಯಾರ್ಥಿಯ ಪಾಲೇನು ಎಂಬ ಪ್ರಶ್ನೆಯನ್ನೂ ಎತ್ತಿತು. ಖಾಸಗಿ ವಿದ್ಯಾಸಂಸ್ಥೆಗಳ ಹಕ್ಕು ಮತ್ತು ಮಿತಿಗಳ ಕುರಿತು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ 2002ರಲ್ಲಿ ನೀಡಿದ ತೀರ್ಪು ‘ಟಿ.ಎಂ.ಎ. ಪೈ ಪ್ರತಿಷ್ಠಾನ ಪ್ರಕರಣ’ ಎಂದೇ ಹೆಸರಾಗಿದೆ.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ, ಅದಕ್ಕೆ ಒಂದು ವರ್ಷ ಮೊದಲು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಸೇರಿಹೋದವು. ಕರಾವಳಿ ಕೊಟ್ಟ ನಾಲ್ಕು ರಾಷ್ಟ್ರೀಕೃತ ಬ್ಯಾಂಕುಗಳಲ್ಲಿ ಹೆಸರು ಉಳಿಸಿಕೊಂಡದ್ದು ಕೆನರಾ ಬ್ಯಾಂಕ್ ಒಂದೇ. ಸಂಸ್ಥೆಯ ಹೆಸರು ಅಳಿದ ಮಾತ್ರಕ್ಕೆ ಅದು ಕಲಿಸಿದ ಪಾಠ ಅಳಿಯಬೇಕಾಗಿಲ್ಲ. ಹಣದ ವ್ಯವಹಾರ ಬಲ್ಲವರು ರಾಜಕೀಯಕ್ಕೆ ಬರುವುದು ಈಗ ಅಪರೂಪವಲ್ಲ. ಅಂಥವರ ಯೋಗ್ಯತೆಯನ್ನು ಅವರ ಸಂಪತ್ತಿನಿಂದ ಅಳೆಯದೆ, ಅವರು ನಡೆಸಿದ ಸಂಸ್ಥೆ ಸಣ್ಣ ಖಾತೆದಾರನನ್ನು ಹೇಗೆ ನಡೆಸಿಕೊಂಡಿತು, ಅಧಿಕಾರದಲ್ಲಿದ್ದಾಗ ತಮ್ಮ ಕೈಕೆಳಗಿನ ಪ್ರಾಮಾಣಿಕ ನೌಕರರ ಪರವಾಗಿ ಅವರು ನಿಂತರೇ ಎಂಬ ಎರಡು ಪ್ರಶ್ನೆಗಳಿಂದ ಅಳೆಯುವುದು ಮತದಾರರಿಗೆ ಒಳ್ಳೆಯದು. ಟಿ.ಎ. ಪೈ ಮೊದಲನೆಯ ಪರೀಕ್ಷೆಯಲ್ಲಿ ನಿಸ್ಸಂದೇಹವಾಗಿ ಗೆದ್ದರು, ಎರಡನೆಯದರಲ್ಲಿ ತಡವಾಗಿಯಾದರೂ ಬಾಯಿ ಬಿಟ್ಟು ಸತ್ಯ ಹೇಳಿದರು.