ಸರಗೋಧಾಕ್ಕೆ ಹಾರಿದ ಬದಲಿ ವಿಮಾನ

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟ್ ನೆಲೆಗೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಬಂದವರನ್ನು ಆಕಾಶದಲ್ಲಿ ತಡೆದರಷ್ಟೇ ಸಾಲದು, ಅವರು ಹೊರಡುವ ನೆಲೆಯನ್ನೇ ಹೊಡೆಯಬೇಕು. ಮರುದಿನ ನಸುಕಿನಲ್ಲೇ ನಮ್ಮ ವಾಯುಪಡೆ ಸರಗೋಧಾದತ್ತ ಹಾರಿತು. (ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಇನ್ನೂ ಮುಂದೆ ಹೋಗಿ ಜರ್ಮನಿಯ ಕಾರ್ಖಾನೆ, ನಗರಗಳ ಮೇಲೇ ಬಾಂಬ್ ಸುರಿದಿತ್ತು. ಇಲ್ಲಿ ಗುರಿ ವಿಮಾನ ನೆಲೆ.)

ಆದಂಪುರದಿಂದ ಹೊರಟ ಹನ್ನೆರಡು ಮಿಸ್ಟಿಯರ್‌ಗಳಿಗೆ ಬದಲಿಯಾಗಿ ಕಾದಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಅವರೂ ಹಿಂದೆಯೇ ಹಾರಿದರು. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್! ನೇರ ಓಟದಲ್ಲಿ ಮಿಸ್ಟಿಯರ್ ಅದಕ್ಕೆ ಸಾಟಿಯೇ ಅಲ್ಲ.

ಆದರೆ ವಿದ್ಯಾರ್ಥಿಗಳೇ, ಒಂದೇ ವಾಲಿಕೆಯಲ್ಲಿ ತಿರುಗುವಾಗ ವೇಗ ಎರಡು ಪಟ್ಟಾದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟಾಗುತ್ತದೆ. ದೇವಣಗಾಂವದ ನಮ್ಮ ಹುಡುಗರಿಗೆ ಸೈಕಲ್ಲಿನ ಮಾತಿನಲ್ಲೇ ಹೇಳುತ್ತೇನೆ: ಇಳಿಜಾರಿನಲ್ಲಿ ಜೋರಾಗಿ ಬಂದವನು ಓಣಿಗೆ ಹೊರಳಲಾರ. ಕೆಳಮಟ್ಟದ ಹೊರಳಾಟದಲ್ಲಿ ದೇವಯ್ಯ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಚೂಟಿನಿಂದ ಇಳಿದು ಬದುಕಿದ. ದೇವಯ್ಯ ಮರಳಲಿಲ್ಲ.

ಏನು ನಡೆಯಿತೆಂದು ಇಲ್ಲಿ ತಿಳಿದದ್ದು, 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕ ಬಂದ ಮೇಲೆ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದು.