ಕರ್ಪೂರದ ಬಿಲ್ಲೆಯೊಳಗೆ ಅಣುಗಳು ಸುಮ್ಮನಿರುತ್ತವೆಯೇ? ಅದನ್ನು ಮೂಸಿದರೆ ಆಕ್ಸಿಜನ್ ಹೆಚ್ಚುತ್ತದೆಯೇ?

2021ರಲ್ಲಿ ಕೋವಿಡ್ ಎರಡನೇ ಅಲೆ ಬಂದು, ಜನ ಆಕ್ಸಿಜನ್ ಸಿಲಿಂಡರ್‌ಗಾಗಿ ಪರದಾಡುತ್ತಿದ್ದಾಗ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಹರಿದಾಡಿತ್ತು. ಕರ್ಪೂರ, ಲವಂಗ, ಓಂಕಾಳನ್ನು ಬಟ್ಟೆಯಲ್ಲಿ ಕಟ್ಟಿ ಮೂಸುತ್ತಿದ್ದರೆ ರಕ್ತದಲ್ಲಿ ಆಕ್ಸಿಜನ್ ಪ್ರಮಾಣ ಏರುತ್ತದೆ ಎಂಬುದು ಅದರ ಸಾರ. ಇಂಥ ಸಂದೇಶಗಳು ಹಳೆಯದಾದರೂ ಮತ್ತೆ ಮತ್ತೆ ಬರುತ್ತವೆ. ಹಾಗಾಗಿ ಕರ್ಪೂರದೊಳಗೆ ನಿಜಕ್ಕೂ ಏನು ನಡೆಯುತ್ತದೆ ಎಂದು ನೋಡೋಣ.

ಘನವಸ್ತು ಎಂದರೆ ನಿಶ್ಚಲವೇ?

ಘನವಸ್ತುವಿನಲ್ಲಿ ಅಣುಗಳು ಒತ್ತೊತ್ತಾಗಿ ಕೂತಿರುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಸರಿಯೇ. ಆದರೆ ಕೂತ ಜಾಗದಲ್ಲೇ ಅವು ಅಲುಗಾಡಬಹುದು, ತಿರುಗಲೂಬಹುದು. ಕರ್ಪೂರದ ಅಣು ಹೆಚ್ಚುಕಡಿಮೆ ಉಂಡೆಯ ಆಕಾರದ್ದು. ಕೋಣೆಯ ತಾಪಮಾನದಲ್ಲಿ ಬಿಲ್ಲೆಯೊಳಗಿನ ಪ್ರತಿ ಅಣುವೂ ತನ್ನ ಜಾಗ ಬಿಡದೆ ಎಲ್ಲ ದಿಕ್ಕಿಗೂ ಉರುಳಾಡುತ್ತಿರುತ್ತದೆ.

ಇದು ಗೊತ್ತಾಗುವುದು ಹೇಗೆ?

ಘನಸ್ಥಿತಿ ಎನ್‌ಎಂಆರ್ ಎಂಬ ವಿಧಾನದಿಂದ. ವಸ್ತುವನ್ನು ಬಲವಾದ ಅಯಸ್ಕಾಂತದಲ್ಲಿಟ್ಟು ರೇಡಿಯೋ ತರಂಗ ಹಾಯಿಸುತ್ತಾರೆ. ಹೈಡ್ರೋಜನ್ ಪರಮಾಣುಗಳ ನ್ಯೂಕ್ಲಿಯಸ್‌ಗಳು ಪುಟ್ಟ ಅಯಸ್ಕಾಂತಗಳಂತೆ ವರ್ತಿಸಿ ಅದಕ್ಕೆ ಸಿಗ್ನಲ್ ಮೂಲಕ ಉತ್ತರಿಸುತ್ತವೆ. ಎಂಆರ್‌ಐ ಸ್ಕ್ಯಾನ್‌ನ ಮೂಲತತ್ವವೂ ಇದೇ. ಹೆಸರಿನಲ್ಲಿ 'ನ್ಯೂಕ್ಲಿಯರ್' ಇದ್ದರೂ ಇದರಲ್ಲಿ ಅಣುವಿಕಿರಣವಿಲ್ಲ.

ಬಣ್ಣದ ಪಟ್ಟಿಗಳಿರುವ ಬುಗುರಿಯನ್ನು ನೆನಪಿಸಿಕೊಳ್ಳಿ. ನಿಂತಿದ್ದರೆ ಪಟ್ಟಿಗಳು ಬೇರೆಬೇರೆಯಾಗಿ ಕಾಣುತ್ತವೆ; ಜೋರಾಗಿ ತಿರುಗಿದರೆ ಬೆರೆತು ಒಂದೇ ಬಣ್ಣವಾಗುತ್ತವೆ. ಇಲ್ಲೂ ಹಾಗೆಯೇ. ಅಣುಗಳು ನಿಶ್ಚಲವಾಗಿದ್ದರೆ ಅಕ್ಕಪಕ್ಕದ ನ್ಯೂಕ್ಲಿಯಸ್‌ಗಳ ಪ್ರಭಾವ ಒಂದೊಂದು ದಿಕ್ಕಿಗೆ ಒಂದೊಂದು ಥರ ಇರುವುದರಿಂದ ಸಿಗ್ನಲ್ ಅಗಲವಾಗಿ ಹರಡಿಕೊಳ್ಳುತ್ತದೆ. ವೇಗವಾಗಿ ತಿರುಗುತ್ತಿದ್ದರೆ ಆ ವ್ಯತ್ಯಾಸಗಳು ಸರಾಸರಿಯಾಗಿ ಸಿಗ್ನಲ್ ಕಿರಿದಾಗುತ್ತದೆ. ವಸ್ತುವನ್ನು ತಣ್ಣಗೆ ಮಾಡುತ್ತಾ ಹೋದರೆ ಯಾವ ಹಂತದಲ್ಲಿ ಚಲನೆ ನಿಧಾನವಾಯಿತು ಎಂಬುದೂ ತಿಳಿಯುತ್ತದೆ.

ಎಡ್ವರ್ಡ್ ಪರ್ಸೆಲ್ ಅವರ ತಂಡ 1945ರ ಡಿಸೆಂಬರ್‌ನಲ್ಲಿ ಎನ್‌ಎಂಆರ್ ಸಿಗ್ನಲ್ ಹಿಡಿದದ್ದು ಒಂದು ಘನವಸ್ತುವಿನಲ್ಲೇ: ಮೇಣದಬತ್ತಿಗೆ ಬಳಸುವ ಪ್ಯಾರಾಫಿನ್ ಮೇಣದಲ್ಲಿ. 1953ರಲ್ಲಿ ಆಂಡ್ರೂ ಮತ್ತು ಈಡ್ಸ್ ಎಂಬ ವಿಜ್ಞಾನಿಗಳು ಹೆಪ್ಪುಗಟ್ಟಿದ ಬೆಂಜೀನ್ ಪರೀಕ್ಷಿಸಿದರು. ಸುಮಾರು ಮೈನಸ್ 150 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಅದರ ಚಪ್ಪಟೆ ಅಣುಗಳು ಚಕ್ರದಂತೆ ತಿರುಗುತ್ತಿದ್ದವು! ಇನ್ನೂ ಸುಮಾರು 30 ಡಿಗ್ರಿ ತಣ್ಣಗಾದಾಗ ಸಿಗ್ನಲ್ ಅಗಲವಾಯಿತು, ಅಂದರೆ ಆ ತಿರುಗಾಟ ಬಹಳ ನಿಧಾನವಾಯಿತು.

ಹಾಗಾದರೆ ಫಾರ್ವರ್ಡ್ ಹೇಳಿದ್ದು?

ತಿರುಗುವುದು ಬೇರೆ, ಒಡೆಯುವುದು ಬೇರೆ. ಕರ್ಪೂರದ ಅಣುವಿನಲ್ಲಿ 10 ಕಾರ್ಬನ್, 16 ಹೈಡ್ರೋಜನ್, ಒಂದೇ ಒಂದು ಆಕ್ಸಿಜನ್ ಪರಮಾಣು ಇವೆ. ಆ ಆಕ್ಸಿಜನ್ ಕಾರ್ಬನ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅಣು ಎಷ್ಟು ಉರುಳಾಡಿದರೂ, ಬಿಲ್ಲೆಯ ಮೇಲ್ಮೈಯಿಂದ ಹಾರಿ ನಮ್ಮ ಮೂಗಿಗೆ ಬಂದರೂ ಅದು ಬಿಡುಗಡೆಯಾಗುವುದಿಲ್ಲ. ಕರ್ಪೂರ ಮೂಸಿದಾಗ ಮೂಗು ತೆರೆದುಕೊಂಡಂತೆ ಅನಿಸುವುದು ನಿಜ. ಆದರೆ ಅದು ನರಗಳಿಗೆ ಆಗುವ ತಂಪಿನ ಅನುಭವವಷ್ಟೇ. ಗಾಳಿ ಹೋಗುವ ದಾರಿ ಅಗಲವಾಗುವುದಿಲ್ಲ, ರಕ್ತದ ಆಕ್ಸಿಜನ್ ಏರುವುದೂ ಇಲ್ಲ.

ಅಪಾಯವಿರುವುದು ಈ ಅನುಭವದಲ್ಲೇ. ಉಸಿರಾಟ ಸರಿಹೋಯಿತು ಎಂದುಕೊಂಡು ಮನೆಯಲ್ಲೇ ಉಳಿದರೆ ಆಸ್ಪತ್ರೆಗೆ ಹೋಗಬೇಕಾದ ಸಮಯ ಕಳೆದುಹೋಗುತ್ತದೆ. ಇನ್ನೊಂದು ಮಾತು: ಪುಟ್ಟ ಮಕ್ಕಳು ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಬಿಲ್ಲೆಗಳನ್ನು ಅವರ ಕೈಗೆ ಸಿಗದಂತೆ ಇಡಿ.

ಕೊನೆಯ ಮಾತು: ಬಿಲ್ಲೆಯೊಳಗೆ ಕರ್ಪೂರದ ಅಣುಗಳು ಉರುಳಾಡುವುದು ನಿಜ. ಅದನ್ನು ಮೂಸಿದರೆ ಆಕ್ಸಿಜನ್ ಹೆಚ್ಚುತ್ತದೆ ಎಂಬುದು ಸುಳ್ಳು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಆ ಹಳೆಯ ಸಂದೇಶ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ.